ಬಾಣಂತಿ ಕೋಣೆಯ ಮೇಲೆ ಬಾಗಿದ ತೆಂಗು

ಮನೆಯಂಗಳದ ತೆಂಗಿನ ಮರ ತೆಗೆಸಬೇಕು ಎಂದು ಯಾರಾದರೂ ಫೋನ್ ಮಾಡಿದರೆ, ಮರದ ಸುತ್ತ ಏನೇನು ಕಟ್ಟಿಸಿದ್ದೀರಿ ಎಂದು ನಾನು ಮೊದಲು ಕೇಳುತ್ತೇನೆ. ಎತ್ತರದ ಮಾತು ಆಮೇಲೆ. ತೋಟದ ಮರ ಉರುಳಿಸುವುದಕ್ಕೆ ಕೊಡಲಿ, ಹಗ್ಗ, ಇಬ್ಬರು ಆಳು ಸಾಕು. ಅಂಗಳದ ಮರಕ್ಕಾದರೆ ಒಂದು ಕಡೆ ನೀರಿನ ಟ್ಯಾಂಕು, ಇನ್ನೊಂದು ಕಡೆ ಪಕ್ಕದವರ ಕಾರು, ನೆತ್ತಿಯ ಮೇಲೆ ಕರೆಂಟು ತಂತಿ. ಬೀಳಲು ಜಾಗವೇ ಇಲ್ಲದ ಮರವನ್ನು ಬೀಳಿಸುವುದು ನನ್ನ ಕಸುಬು.

ಹೊಸದುರ್ಗದ ಕೊಬ್ಬರಿ ಮಂಡಿಯೊಂದರಲ್ಲಿ ಚೀಲ ಹೊರುತ್ತಿದ್ದವನು ನಾನು. ಊರಂಚಿನ ತೋಟಗಳು ಒಂದೊಂದಾಗಿ ಸೈಟುಗಳಾಗುತ್ತಿದ್ದ ಕಾಲ. ಸೈಟಿಗೆ ಒಂದೋ ಎರಡೋ ಮರ ಉಳಿಸಿ, ‘ಫಲ ಬಿಡೋ ಮರ ಐತ್ರಿ’ ಎಂದು ಹೇಳಿ ಮಾರಿದರು. ಕೊಂಡವರು ಹಿಗ್ಗಿ ಮರವನ್ನು ಬಿಟ್ಟುಕೊಂಡೇ ಮನೆ ಕಟ್ಟಿದರು. ಹತ್ತು ವರ್ಷ ಕಳೆದ ಮೇಲೆ ಸೋಗೆ ಬಿದ್ದು ಹೆಂಚು ಒಡೆಯಿತು, ಕಾಯಿ ಬಿದ್ದು ಸ್ಕೂಟರಿನ ಕನ್ನಡಿ ಹೋಯಿತು. ಆಗ ನನ್ನಂಥವನ ನೆನಪಾಯಿತು. ಚೀಲ ಹೊರುವವನಿಗೆ ಇದು ಕಂಡದ್ದು ಹೇಗೆ ಎಂದು ಕೇಳುವವರಿದ್ದಾರೆ. ತಲೆ ಮೇಲೆ ಚೀಲ ಇದ್ದಾಗಲೂ ಕಣ್ಣು ನಾಲ್ಕೂ ಕಡೆ ಓಡಾಡುತ್ತಿರುತ್ತದೆ, ಅಷ್ಟೆ. ಇವತ್ತು ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ ಎಲ್ಲಿಂದ ಕರೆದರೂ ಹೋಗುತ್ತೇನೆ.

ಇದನ್ನು ಓದುವವರ ಮನೆಯಲ್ಲಿ ಮರ ತೆಗೆಸುವುದಿದ್ದರೆ ನನ್ನದೊಂದು ಮಾತು ಕೇಳಿ. ಮಾತು ಮುಗಿಸುವ ಮುಂಚೆ ಬುಡದ ಬೊಡ್ಡೆ ಯಾರು ಕೀಳುತ್ತಾರೆ, ಕಾಂಡ ಯಾರ ಪಾಲು, ಕಾಯಿ ಯಾರ ಪಾಲು, ಕಸ ಯಾರು ಸಾಗಿಸುತ್ತಾರೆ ಎಂದು ಬಾಯಿಬಿಟ್ಟು ಕೇಳಿ. ನೀವು ಕೇಳದಿದ್ದರೆ ನಾನಾಗಿ ಹೇಳುವುದಿಲ್ಲ. ಒಳ್ಳೆಯ ಮರವಾದರೆ ಕಾಂಡ ಹೆಂಚಿನ ಮನೆಗಳ ಜಂತೆಗೆ ಹೋಗುತ್ತದೆ, ಆ ಲಾಭ ನನ್ನ ಗಾಡಿಯಲ್ಲಿ ಕೂತು ಹೋಗುತ್ತದೆ. ಮಾತಾಡಿ ಬದುಕಿದವನು ನಾನು. ನನ್ನ ಮಾತಿನ ಮೇಲೆ ನನಗೆ ಬಹಳ ನಂಬಿಕೆ ಇತ್ತು. ಆ ನಂಬಿಕೆ ಕೈಕೊಟ್ಟ ಒಂದು ದಿನದ ವಿಷಯ ಇದು.

ನನ್ನ ಜೊತೆ ಮರ ನೋಡುವವರು, ಹತ್ತುವವರು ಮತ್ತೋಡಿನ ಕಡೆಯ ಒಬ್ಬರು. ನನಗಿಂತ ಹದಿನೈದು ವರ್ಷ ದೊಡ್ಡವರು. ನೆಂಟಸ್ತಿಕೆ ಏನೂ ಇಲ್ಲ. ನಾನು ‘ಮಾವ’ ಅನ್ನುತ್ತೇನೆ, ಅವರು ‘ಅಳಿಯ’ ಅನ್ನುತ್ತಾರೆ. ನಾನು ಮರದ ಯಜಮಾನರನ್ನು ನೋಡುತ್ತೇನೆ, ಮಾವ ಮರವನ್ನು ನೋಡುತ್ತಾರೆ. ಈ ಪಾಲುಗಾರಿಕೆಯಲ್ಲಿ ನಮಗೆ ಯಾವತ್ತೂ ಜಗಳ ಬಂದದ್ದಿಲ್ಲ.

ಅವು ಆಷಾಢದ ಗಾಳಿಯ ದಿನಗಳು. ಚಿಕ್ಕಜಾಜೂರಿನಿಂದ ಒಬ್ಬ ರೈಲ್ವೆ ನೌಕರರು ಫೋನ್ ಮಾಡಿದರು. ಹಿತ್ತಲಿನ ತೆಂಗು ಶೀಟಿನ ಕೋಣೆಯ ಕಡೆ ಬಾಗಿದೆ, ಮೂರು ದಿನದ ಹಿಂದೆ ಒಣ ಸೋಗೆ ಶೀಟಿನ ಮೇಲೆ ಬಿತ್ತು, ಒಳಗೆ ಮಗಳು ಬಾಣಂತಿ, ಕೂಸು ಬೆಚ್ಚಿಬಿತ್ತು, ಬಂದು ನೋಡಿ ಎಂದರು. ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು, ಮಾವ, ಇಬ್ಬರು ಆಳುಗಳು ಟೆಂಪೋದಲ್ಲಿ ಹೋಗಿ ಇಳಿದೆವು.

ಮನೆ ಸ್ಟೇಷನ್ನಿನಿಂದ ಕೂಗಳತೆಯ ದೂರ. ಮುಂದೆ ಮೋಲ್ಡ್ ಹಾಕಿದ ಎರಡು ಕೋಣೆ. ಅವುಗಳ ಹಿಂದೆ ಹತ್ತು ಹನ್ನೆರಡು ಹೆಜ್ಜೆಯ ಬಯಲು ಅಂಗಳ, ಅದನ್ನು ದಾಟಿದರೆ ಬಚ್ಚಲಿಗೆ ಅಂಟಿಕೊಂಡಂತೆ ಸಿಮೆಂಟ್ ಶೀಟಿನ ಒಂದು ಕೋಣೆ. ಬಿಸಿನೀರಿಗೆ ಹತ್ತಿರ, ಬೀದಿಯ ಗದ್ದಲಕ್ಕೆ ದೂರ ಎಂದು ಬಾಣಂತಿಯನ್ನು ಅಲ್ಲಿ ಮಲಗಿಸಿದ್ದರು. ಅಂಗಳದ ಒಂದು ಮೂಲೆಯಲ್ಲಿ ತೆಂಗು. ನಲವತ್ತೈದು ಅಡಿ ಇದ್ದೀತು. ಬುಡದಿಂದ ಎದ್ದು ಸೊಂಟದಲ್ಲಿ ಬಳುಕಿ, ತಲೆಯನ್ನು ಸರಿಯಾಗಿ ಆ ಶೀಟಿನ ನೆತ್ತಿಗೆ ತಂದಿಟ್ಟಿತ್ತು.

ನೋಡಲು ಏನು ಚೆಂದದ ಮರ! ಆಳೆತ್ತರದವರೆಗೂ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದಿದ್ದರು. ಮೇಲೆ ಗರಿಗಳು ಹಚ್ಚಹಸಿರು, ಮೂರು ಗೊನೆ ಕಾಯಿ. ಬಟ್ಟೆ ಒಣಹಾಕುವ ತಂತಿ ಕಟ್ಟಲು ಎದೆಮಟ್ಟದಲ್ಲಿ ಕಬ್ಬಿಣದ ಕೊಂಡಿ ಹೊಡೆದಿದ್ದರು, ತಂತಿಯ ತುಂಬ ಕೂಸಿನ ಬಟ್ಟೆಗಳು. ಕಾಂಡ ಜಂತೆಗೆ ಹೇಳಿ ಮಾಡಿಸಿದಂತಿದೆ ಎಂದು ನಾನು ಮನಸ್ಸಿನಲ್ಲೇ ಗಾಡಿಗೆ ಏರಿಸಿಬಿಟ್ಟೆ.

ಮಾತಿಗೆ ಬಂದವರು ಮನೆಯ ಯಜಮಾನರಲ್ಲ, ಅವರ ಹೆಂಡತಿ. ಐವತ್ತರ ಆಚೆ ಈಚೆ ಇರುವ, ಸೆರಗು ಸೊಂಟಕ್ಕೆ ಸಿಕ್ಕಿಸಿದ ಗಟ್ಟಿ ಹೆಂಗಸು.

“ಕುಂತ್ಕಳ್ರಿ,” ಎಂದರು. “ಕಾಫಿ ಕುಡೀರಿ. ಆಮೇಲ್ ರೇಟ್ ಹೇಳ್ರಿ. ಮೊದ್ಲೇ ಹೇಳಿದ್ರೆ ಕಾಫಿ ಸಿಗಲ್ಲ.”

“ಅಜ್ಜಿ, ಕಾಫಿ ಕುಡಿಸಿ ಬಾಯ್ ಕಟ್ತೀರಲ್ಲ,” ಎಂದೆ ನಾನು.

“ಯಾರಪ್ಪ ಅಜ್ಜಿ? ಅಜ್ಜಿ ಆಗಿ ಒಂಬತ್ತು ದಿನ ಆತು ಇನ್ನೂ.”

ಹೀಗೆ ಶುರುವಾದ ಮಾತು ಮುಗಿಯಲು ಎರಡು ಲೋಟ ಕಾಫಿ ಬೇಕಾಯಿತು. ನಾನು ಬಾಗಿದ ಮರ ಅಂದೆ, ಆಕೆ ಗೊನೆ ತುಂಬಿದ ಮರ ಅಂದರು. ನಾನು ಕ್ರೇನ್ ಬರದ ಓಣಿ ಅಂದೆ, ಆಕೆ ಕಾಂಡ ನಿಮಗೇ ತಾನೆ ಅಂದರು. ಇಷ್ಟು ವರ್ಷದಲ್ಲಿ ಕಾಂಡದ ವಿಷಯವನ್ನು ತಾವಾಗಿಯೇ ಎತ್ತಿದವರು ಮೂರೋ ನಾಲ್ಕೋ ಜನ. ನನಗೆ ಒಳಗೊಳಗೇ ಮೆಚ್ಚುಗೆಯಾಯಿತು. ಕೊನೆಗೆ ಒಂದು ಮಾತಿಗೆ ಬಂದೆವು. ಆದರೆ ಆಕೆಯದೊಂದು ಷರತ್ತು: ಹನ್ನೊಂದನೇ ದಿನ ಕೂಸನ್ನು ತೊಟ್ಟಿಲಿಗೆ ಹಾಕುವವರೆಗೂ ಬಾಣಂತಿ ಆ ಕೋಣೆಯ ಹೊಸ್ತಿಲು ದಾಟುವಂತಿಲ್ಲ, ಗಾಳಿ ಸೋಕುವಂತಿಲ್ಲ, ಮಿಷನ್ ಗರಗಸದ ಸದ್ದು ಕೂಡದು. ಎರಡು ದಿನ ಬಿಟ್ಟು ಬರಬೇಕು.

ನಾನು ಒಪ್ಪಿದೆ. ಒಪ್ಪದೆ ಇರುವುದಕ್ಕೆ ನನಗೆ ಕಾರಣ ಕಾಣಲಿಲ್ಲ. ಹಿರಿಯೂರಿನಲ್ಲಿ ಬೇರೆ ಕೆಲಸವೂ ಇತ್ತು.

“ಮಾವ, ಹೋಗಾಣ ನಡೀರಿ,” ಎಂದು ಅಂಗಳಕ್ಕೆ ಬಂದೆ.

ಮಾವ ಬರಲಿಲ್ಲ. ಮರದ ಸುತ್ತ ನಿಧಾನವಾಗಿ ತಿರುಗುತ್ತಿದ್ದರು. ಕುಡುಗೋಲಿನ ಹಿಂಬದಿಯಿಂದ ಮೊಣಕಾಲಿನ ಮಟ್ಟದಲ್ಲಿ ಒಂದು ಸಲ ತಟ್ಟಿದರು, ಸೊಂಟದ ಮಟ್ಟದಲ್ಲಿ ಒಂದು ಸಲ, ಕೊಂಡಿಯ ಕೆಳಗೆ ಒಂದು ಸಲ. ಆಮೇಲೆ ತಲೆಯ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಮರವನ್ನು ಎರಡೂ ಕೈಯಿಂದ ತಬ್ಬಿ, ಸುಣ್ಣದ ಪಟ್ಟೆಗೆ ಕಿವಿ ಇಟ್ಟರು.

“ಅಳಿಯ, ಆ ಮಿಕ್ಸಿ ನಿಲ್ಸಾಕೆ ಹೇಳು.”

ಒಳಗೆ ಯಾರೋ ಬಾಣಂತಿಯ ಖಾರಕ್ಕೆ ಮೆಣಸು ಪುಡಿ ಮಾಡುತ್ತಿದ್ದರು. ಮಿಕ್ಸಿ ನಿಂತಿತು.

“ಟಿವಿ.”

ಟಿವಿಯೂ ನಿಂತಿತು. ಅಷ್ಟು ಹೊತ್ತಿಗೆ ಅದಿರು ತುಂಬಿದ ಗೂಡ್ಸ್ ಗಾಡಿ ಬಂತು. ಚಿಕ್ಕಜಾಜೂರಿನಲ್ಲಿ ಗೂಡ್ಸ್ ಹೊರಟರೆ ನೆಲವೇ ಗುನುಗುತ್ತದೆ. ಮನೆಯ ಪಾತ್ರೆಗಳು ಒಂದಕ್ಕೊಂದು ತಾಗುತ್ತವೆ. ಮಾವ ಕಿವಿ ತೆಗೆಯಲಿಲ್ಲ. ಕಣ್ಣು ಮುಚ್ಚಿಕೊಂಡು, ಮರವನ್ನು ತಬ್ಬಿಕೊಂಡೇ ನಿಂತಿದ್ದರು. ಆ ಗಾಡಿಗೆ ಕೊನೆಯೇ ಇಲ್ಲವೇನೋ ಅನ್ನಿಸಿತು. ಯಜಮಾನಮ್ಮ ಕೈಯಲ್ಲಿ ಲೋಟ ಹಿಡಿದು ನಿಂತಿದ್ದರು, ರೈಲ್ವೆಯವರು ಬಾಗಿಲಲ್ಲಿ, ನಮ್ಮ ಆಳುಗಳು ಕಾಂಪೌಂಡಿನ ಬಳಿ. ಕೊನೆಯ ಡಬ್ಬಿಯ ಸದ್ದು ದೂರವಾಗಿ ಅಂಗಳ ತಣ್ಣಗಾಯಿತು. ಎಲ್ಲರೂ ಒಬ್ಬ ಮನುಷ್ಯ ಮರದ ಮಾತು ಕೇಳುವುದನ್ನು ನೋಡುತ್ತಿದ್ದೆವು.

ಮಾವ ಕಣ್ಣು ಬಿಟ್ಟರು. “ಅಳಿಯ, ಇಲ್ ಬಾ. ಒಳಗೆ ಪಂಕ್ತಿ ಊಟ ನಡೀತೈತೆ.”

ನಾನು ಹೋಗಿ ಕಿವಿ ಇಟ್ಟೆ. ಇಷ್ಟು ವರ್ಷ ಮರಗಳ ನಡುವೆ ಬದುಕಿದ್ದರೂ ಒಂದಕ್ಕೂ ಕಿವಿ ಕೊಟ್ಟವನಲ್ಲ ನಾನು. ಮೊದಲು ನನ್ನ ರಕ್ತದ ಸದ್ದೇ ಕೇಳಿತು. ಆಮೇಲೆ ಅದರ ಹಿಂದಿನಿಂದ ಬೇರೊಂದು. ಕತ್ತಲ ಕೊಟ್ಟಿಗೆಯಲ್ಲಿ ದನಗಳು ಹಸಿಮೇವು ಕಡಿಯುವಾಗ ಬರುತ್ತದಲ್ಲ, ಕರಕರ, ಚರಚರ, ಅಂಥದ್ದು. ಒಂದು ಬಾಯಲ್ಲ, ಹತ್ತಾರು ಬಾಯಿ. ಅವಸರವಿಲ್ಲ, ನಿಲ್ಲಿಸುವುದೂ ಇಲ್ಲ. ಹೊರಗೆ ಸುಣ್ಣ, ಕೆಮ್ಮಣ್ಣು, ಹಸಿರು ಗರಿ, ಮೂರು ಗೊನೆ ಕಾಯಿ. ಒಳಗೆ ಈ ಊಟ. ಬದುಕಿರುವ ಒಂದು ಮರ ತನ್ನನ್ನು ತಿನ್ನುವವರನ್ನು ಹೊಟ್ಟೆಯಲ್ಲಿಟ್ಟುಕೊಂಡು ಗಾಳಿಗೆ ತಲೆ ಆಡಿಸುತ್ತಿತ್ತು.

ಕೆಂಪು ಮೂತಿ ಹುಳ ಎಂದು ತೋಟದವರೆಲ್ಲ ಬಲ್ಲರು. ಮರದಲ್ಲಿ ಗಾಯ ಇದ್ದರೆ ಆ ವಾಸನೆಗೆ ದುಂಬಿ ಬಂದು ಮೊಟ್ಟೆ ಇಡುತ್ತದೆ. ಮರಿಹುಳ ಒಳಗೇ ತಿಂದು ಬೆಳೆಯುತ್ತದೆ. ಇಲ್ಲಿ ಇನ್ನೊಂದು ಮಾತು ಹೇಳಿಬಿಡುತ್ತೇನೆ, ನೆನಪಿಟ್ಟುಕೊಳ್ಳಿ. ಬೇವು, ಮಾವಿಗೆ ಮೊಳೆ ಹೊಡೆದರೆ ತೊಗಟೆ ಬೆಳೆದು ಗಾಯ ಮುಚ್ಚುತ್ತದೆ. ತೆಂಗಿಗೆ ಆ ವಿದ್ಯೆ ಇಲ್ಲ. ಅದರ ಮೈಮೇಲಿನ ತೂತು ಅದು ಸಾಯುವವರೆಗೂ ತೂತೇ. ಬಟ್ಟೆ ತಂತಿ ಬೇಕಿದ್ದರೆ ಹಗ್ಗ ಸುತ್ತಿ ಕಟ್ಟಿ, ಕಬ್ಬಿಣ ಹೊಡೆಯಬೇಡಿ.

“ಎಷ್ಟು ದಿನ ತಡೀತೈತೆ ಮಾವ?” ಎಂದು ಮೆಲ್ಲಗೆ ಕೇಳಿದೆ.

“ದಿನ ಗಿನ ಕೇಳ್ಬ್ಯಾಡ. ಜೋರ್ ಗಾಳಿ ಬಂದ್ರೆ ಇವತ್ತೇ. ನಾನ್ ಹತ್ತಲ್ಲ ಇದನ್ನ. ಕೂಸು ಅಲ್ಲಿರಗಂಟ ನಾನ್ ಇಲ್ಲಿಂದ ಹೋಗದೂ ಇಲ್ಲ.”

ನಾನು ಯಜಮಾನಮ್ಮನ ಕಡೆ ತಿರುಗಿದೆ. ಇದು ನನ್ನ ಕ್ಷೇತ್ರ ಎಂದುಕೊಂಡಿದ್ದೆ.

“ಅಮ್ಮ, ಮರ ಇವತ್ತೇ ತೆಗೀಬೇಕು. ಮಗಳನ್ನ ಮುಂದಿನ ಕೋಣೆಗೆ ಕರ್ಕಂಡ್ ಬರ್ರಿ.”

“ಏನಪ್ಪ, ಈಗ್ ತಾನೆ ಒಪ್ಕಂಡಿದ್ದೀಯ? ಕಾಫಿ ಲೋಟ ಇನ್ನೂ ತೊಳೆದಿಲ್ಲ.”

“ಒಳಗೆ ಹುಳ ಅವೆ ಅಮ್ಮ. ಪೂರ್ತಿ ಟೊಳ್ಳು.”

ಆಕೆ ನಕ್ಕರು. “ರೇಟ್ ಏರ್ಸಾಕೆ ಹುಳದ ಕಥೆ ಕಟ್ತೀರ? ನಾನೂ ಸಂತೇಲಿ ಹುಣಸೆಹಣ್ಣು ಮಾರಿದಾಕಿ.”

“ಏರ್ಸಲ್ಲ. ಬೇಕಂದ್ರೆ ಇಳಿಸ್ತೀನಿ.”

ಈ ಒಂದು ಮಾತಿನಿಂದ ಕೆಲಸ ಪೂರ್ತಿ ಕೆಟ್ಟಿತು. ಆಕೆಯ ನಗು ಮಾಯವಾಯಿತು. “ಇಳಿಸ್ತೀನಿ ಅಂತೀಯ? ಅಂದ್ರೆ ಇದ್ರಾಗೆ ಏನೋ ಐತೆ. ಬ್ಯಾಡಪ್ಪ ಬ್ಯಾಡ. ಬಾಣಂತಿಗೆ ಗಾಳಿ ಹೊಡೆದ್ರೆ ನೀನ್ ಬಂದ್ ನೋಡ್ಕಂತೀಯಾ? ನಮ್ಮಕ್ಕನ ಮಗಳು ಏಳನೇ ದಿನ ಹೊರಗ್ ಬಂದು ಏನಾದ್ಲು ಅಂತ ನಂಗೊತ್ತೈತೆ.”

ನಾನು ಬಿಡಲಿಲ್ಲ. ಗಂಡನನ್ನು ಎಳೆದೆ, ದೇವರನ್ನು ಎಳೆದೆ, ಹೊಸದುರ್ಗದಲ್ಲಿ ಮರ ಬಿದ್ದು ಚೂರಾದ ಕಾರನ್ನು ಎಳೆದೆ. ಕೂಲಿಯೇ ಬೇಡ ಎಂದೂ ಅಂದೆ. ನಾನು ಒಂದೊಂದು ಮೆಟ್ಟಿಲು ಇಳಿದಂತೆಲ್ಲ ಆಕೆಯ ಅನುಮಾನ ಒಂದೊಂದು ಮೆಟ್ಟಿಲು ಏರಿತು. ಕಿವಿ ಇಟ್ಟು ನೀವೇ ಕೇಳಿ ಎಂದರೆ, “ನನ್ ಕಿವಿ ಮಂದ, ನೀವ್ ಹೇಳಿದ್ದೇ ಕೇಳಸ್ತೈತೆ” ಎಂದುಬಿಟ್ಟರು. ಅರ್ಧ ಗಂಟೆ ಮುಂಚೆ ನನ್ನ ನಾಲಗೆಯ ಚಾಲಾಕಿತನ ಕಂಡವರಿಗೆ ಈಗ ಅದೇ ನಾಲಗೆಯಿಂದ ಬಂದ ನಿಜವೂ ಚಾಲಾಕಿತನವೇ. ಒಂದು ಬಿರುಸು ಗಾಳಿ ಬೀಸಿತು. ಮರ ಸೊಂಟದಿಂದ ತೂಗಿ, ಮೂರು ಗೊನೆಗಳೂ ಶೀಟಿನ ಮೇಲೆ ಹೋಗಿ ಬಂದವು.

ಮಾವ ಇನ್ನೂ ಮರದ ಹತ್ತಿರವೇ ಇದ್ದರು. ಕೊಂಡಿಯ ಪಕ್ಕದಲ್ಲಿ ಸುಣ್ಣದ ಪಟ್ಟೆಯ ಮೇಲೆ ಬೆರಳು ಆಡಿಸುತ್ತಿದ್ದವರು ಒಂದು ಕಡೆ ಉಗುರಿನಿಂದ ಕೆರೆದರು. ಸುಣ್ಣದ ಕೆಳಗೆ ಸಿಮೆಂಟು ಕಂಡಿತು, ಅಂಗೈಯಗಲ. ರೈಲ್ವೆಯವರು ತಲೆ ತಗ್ಗಿಸಿದರು.

“ಅದು… ಕಂದು ನೀರು ಸೋರ್ತಿತ್ತು ರೀ,” ಎಂದರು. “ಮಗಳು ಹೆರಿಗೆಗೆ ಬರ್ತಾಳೆ, ಅಂಗಳ ಚೆಂದ ಕಾಣ್ಲಿ ಅಂತ ತೂತಿಗೆ ಸಿಮೆಂಟ್ ಮೆತ್ತಿದೆ. ಇವ್ಳು ಮೇಲೆ ಸುಣ್ಣ ಬಳಿದ್ಲು.”

ಮಾವ ಕುಡುಗೋಲಿನ ತುದಿ ಹಾಕಿ ಆ ಸಿಮೆಂಟ್ ಬಿಲ್ಲೆಯನ್ನು ಮೀಟಿದರು. ಬಿಲ್ಲೆ ಕಳಚಿ ಬಿತ್ತು. ಅದರ ಹಿಂದಿನಿಂದ ಕೊಳೆತ ನಾರು ಉಸಿರಿನ ಹಾಗೆ ಹೊರಗೆ ಉಬ್ಬಿತು, ಕಂದು ರಸ ಪಟ್ಟೆಯ ಮೇಲೆ ಇಳಿಯಿತು. ಎಂಥ ನಾತ! ಹುಳಿ ಮೀರಿದ ಹೆಂಡದ್ದು, ಕೀವಾದ ಗಾಯದ್ದು, ಎರಡೂ ಬೆರೆತ ವಾಸನೆ.

ಯಜಮಾನಮ್ಮನ ಕಿವಿ ಮಂದವಿತ್ತು, ಮೂಗು ಅಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಒಂದು ಹೆಜ್ಜೆ ಮುಂದೆ ಬಂದರು. ತೂತಿನೊಳಗೆ ನೋಡಿದರು. ಹೆಬ್ಬೆರಳು ಗಾತ್ರದ ಬಿಳಿ ಹುಳವೊಂದು ಬೆಳಕಿಗೆ ಹೆದರಿ ಹಿಂದೆ ಸರಿಯಿತು. ಆಕೆ ಮರದಿಂದ ಶೀಟಿಗೆ, ಶೀಟಿನಿಂದ ಕೋಣೆಯ ಮುಚ್ಚಿದ ಬಾಗಿಲಿಗೆ ಕಣ್ಣು ಹೊರಳಿಸಿದರು.

“ನನ್ ಕೈಯಾರೆ ಬಳಿದ್ನಲ್ಲಪ್ಪಾ,” ಎಂದರು. ಅಷ್ಟೇ.

ಆಗಲೂ ಆಕೆ ಮಗಳನ್ನು ಕರೆಯಲಿಲ್ಲ. ಅಂಗಳದ ನಡುವೆ ನಿಂತು, ಮರವನ್ನೂ ನಂಬದೆ ಗಾಳಿಯನ್ನೂ ನಂಬದೆ, ಕೈ ಹಿಸುಕಿಕೊಂಡರು. ಆ ಮುಖ ನೋಡಿದ ಮೇಲೆ ನನಗೆ ಒಂದು ವಿಷಯ ತಿಳಿಯಿತು. ವ್ಯವಹಾರ ಮಾಡುವವರಿಗೆಲ್ಲ ಹೇಳುತ್ತಿರುತ್ತೇನೆ. ಎದುರಿನವರು ಹಿಡಿದ ಷರತ್ತನ್ನು ಬಿಡಿಸಲು ಹೋಗಬೇಡಿ. ಆ ಷರತ್ತಿಗೆ ಏನು ಬೇಕು ಎಂದು ಕೇಳಿ.

“ಅಮ್ಮ, ಗಾಳಿ ಸೋಕ್ಬಾರ್ದು, ಅಷ್ಟೇ ತಾನೆ? ಸೋಕದಂಗೆ ಕರ್ಕಂಡ್ ಬರಾಕೆ ಏನ್ ಬೇಕು? ನೀವ್ ಹೇಳಿದಂಗೆ ಮಾಡಾಣ.”

ಆಕೆ ನನ್ನನ್ನು ಮೊದಲ ಸಲ ನೋಡುವಂತೆ ನೋಡಿದರು. “ಕಂಬಳಿ,” ಎಂದರು.

ಆಮೇಲೆ ನಡೆದದ್ದನ್ನು ನೋಡಿಯೇ ನಂಬಬೇಕು. ಆಕೆ ಕಾಂಪೌಂಡಿನ ಬಳಿ ಹೋಗಿ ಒಂದು ಕೂಗು ಹಾಕಿದರು. ಕಾಲು ಗಂಟೆಯೊಳಗೆ ಓಣಿಯ ಹೆಂಗಸರು ಕಂಬಳಿ ಹೊತ್ತುಕೊಂಡು ಬಂದರು. ಕಪ್ಪು ಕಂಬಳಿ, ಮಾಸಿದ ಕಂಬಳಿ, ಮದುವೆಯಲ್ಲಿ ಕೊಟ್ಟು ಪೆಟ್ಟಿಗೆಯಲ್ಲೇ ಉಳಿದ ಹೊಸ ಕಂಬಳಿ. “ಏನ್ ಬಂತೇ ನಿಂಗೆ, ಮೊಮ್ಮಗನ್ ಮೆರವಣಿಗೆನಾ?” ಎಂದು ಒಬ್ಬಾಕೆ ಚುಚ್ಚಿದರೆ, “ಹೂ ಕಣೇ, ನೀನೇ ಓಲಗದಾಕಿ, ಊದು” ಎಂದರು ಯಜಮಾನಮ್ಮ. ಶೀಟಿನ ಕೋಣೆಯ ಬಾಗಿಲಿಂದ ಮುಂದಿನ ಕೋಣೆಯ ಬಾಗಿಲವರೆಗೆ ಎರಡು ಸಾಲಾಗಿ ನಿಂತರು. ಎದುರು ಬದುರು ಕಂಬಳಿ ಹಿಡಿದರು, ತಲೆಯ ಮೇಲೆ ಅಡ್ಡಡ್ಡ ಹಾಸಿದರು, ಕೆಳಗಿನ ಅಂಚನ್ನು ಕಾಲ್ಬೆರಳಲ್ಲಿ ಒತ್ತಿ ನಿಂತರು. ಬಯಲು ಅಂಗಳದಲ್ಲಿ ಉಣ್ಣೆಯ ಒಂದು ಓಣಿ ಎದ್ದು ನಿಂತಿತು. ಎಲ್ಲರೂ ನಿಂತಿದ್ದದ್ದು ಆ ಮರದ ಕೆಳಗೇ. ಅದು ಅವರಿಗೂ ಗೊತ್ತಿತ್ತು. ಒಬ್ಬರೂ ಮೇಲೆ ನೋಡಲಿಲ್ಲ.

“ಗಂಡಸ್ರು ಆ ಕಡೆ ತಿರುಗ್ರಿ,” ಎಂದರು.

ನಾವು ಕಾಂಪೌಂಡಿನ ಕಡೆ ಮುಖ ಮಾಡಿದೆವು. ಮಾವ ಮಾತ್ರ ಮರಕ್ಕೆ ಬೆನ್ನು ಕೊಟ್ಟು ನಿಂತರು, ಮರ ನಡುಗಿದರೆ ಬೆನ್ನಿಗೆ ಗೊತ್ತಾಗುತ್ತದೆ ಎಂದು. ಸಾಂಬ್ರಾಣಿಯ ಹೊಗೆ ಬಂತು, ಬಾಗಿಲು ತೆರೆದ ಸದ್ದು, ಬರಿಗಾಲಿನ ಸದ್ದು. ನಡುವೆ ಕೂಸು ಎಚ್ಚರವಾಯಿತೋ ಏನೋ, ಅಳು ಶುರುವಾಯಿತು. ಸಣ್ಣ, ಹೊಸ ಅಳು. ಅದು ಕಂಬಳಿಗಳ ಒಳಗೇ ನಮ್ಮ ಬೆನ್ನ ಹಿಂದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಸಾಗಿತು. ಕಾಣುವುದಿಲ್ಲ, ಕೇಳುತ್ತದೆ ಅಷ್ಟೆ. ನನಗೆ ಎರಡು ಹೆಣ್ಣುಮಕ್ಕಳು. ಅವರು ಹುಟ್ಟಿದಾಗಲೂ ಒಂದು ಅಳುವನ್ನು ನಾನು ಹಾಗೆ ಹೆಜ್ಜೆ ಎಣಿಸುತ್ತಾ ಕೇಳಿರಲಿಲ್ಲ. ಮುಂದಿನ ಕೋಣೆಯ ಬಾಗಿಲು ಮುಚ್ಚಿತು. ಮಾವ ಮರದಿಂದ ಬೆನ್ನು ತೆಗೆದರು.

ಇನ್ನು ಕೆಲಸ ನಮ್ಮದು. ಓಣಿಯವರನ್ನೆಲ್ಲ ದೂರ ಕಳಿಸಿದೆವು. ಬುಡ ನಂಬುವಂತಿಲ್ಲ, ಹತ್ತುವಂತಿಲ್ಲ. ಮಾವ ಮುಂದಿನ ಮನೆಯ ಮೋಲ್ಡಿನ ಮೇಲೇರಿ, ಕಾಯಿ ಕೀಳುವ ಬಿದಿರಿನ ದೋಟಿ ಎರಡನ್ನು ಒಂದಕ್ಕೊಂದು ಬಿಗಿದು, ಅದರ ತುದಿಯಲ್ಲಿ ಹಗ್ಗದ ಕುಣಿಕೆ ಎತ್ತಿ ಹಿಡಿದು, ಮರದ ಕುತ್ತಿಗೆಗೆ ಹಾಕಿದರು. ಗಾಳಿಗೆ ಮರವೂ ಓಲಾಡುತ್ತದೆ, ದೋಟಿಯೂ ಓಲಾಡುತ್ತದೆ. ಎರಡೂ ಒಂದೇ ಕಡೆ ಓಲುವ ಗಳಿಗೆಗೆ ಕಾದು, ಸೂಜಿಗೆ ದಾರ ಪೋಣಿಸುವಂತೆ ಹಾಕಿದರು. ಮೊದಲ ಹಗ್ಗ ಬಿದ್ದ ಮೇಲೆ ಎರಡನೆಯದು. ಎರಡನ್ನೂ ಕೋಣೆಗೆ ವಿರುದ್ಧವಾಗಿ, ಕಾಂಪೌಂಡಿನಾಚೆ ಓಣಿಯ ತುದಿಯಲ್ಲಿದ್ದ ದೊಡ್ಡ ಬೇವಿಗೆ ಚೈನ್ ಪುಲ್ಲಿ ಹಾಕಿ ಬಿಗಿದೆವು. ಹಗ್ಗ ಬಿಗಿಯಾದ ಮೇಲೆ ದೋಟಿಯ ಕತ್ತಿಯಿಂದ ಗರಿಗಳನ್ನು ಒಂದೊಂದಾಗಿ ಕತ್ತರಿಸಿ, ಗೊನೆ ಕತ್ತರಿಸಿ, ತಲೆಯ ಭಾರ ಇಳಿಸಿದರು. ಕೊನೆಗೆ ಉಳಿದದ್ದು ಬೋಳು ಕಂಬ, ಅದರ ತುದಿಯಲ್ಲಿ ನೆಟ್ಟಗೆ ನಿಂತ ಸುಳಿ.

ಮಿಷನ್ ಗರಗಸ ಮಾವನ ಕೈಯಲ್ಲಿ. ನಾನು ಪುಲ್ಲಿಯ ಬಳಿ, ಆಳುಗಳ ಜೊತೆ. ಬುಡಕ್ಕೆ ಗರಗಸ ತಾಗಿಸಿ ನಾಲ್ಕು ಉಸಿರು ಆಗಿರಲಿಲ್ಲ, ಹಣ್ಣಾದ ಪಪ್ಪಾಯಿಗೆ ಚಾಕು ಇಳಿದಂತೆ ಇಳಿದುಹೋಯಿತು. ಮಾವ ಹಿಂದಕ್ಕೆ ಜಿಗಿದರು. ಮರ ಗರಗಸ ತಾಗಿದ ಕಡೆ ಮುರಿಯಲಿಲ್ಲ; ಮೇಲೆ, ಆ ಕೊಂಡಿಯ ತೂತಿನಲ್ಲಿ ಮುರಿಯಿತು. ಮುರಿದು ಮೊದಲು ವಾಲಿದ್ದು ಶೀಟಿನ ಕಡೆಗೆ. ಹಗ್ಗ ‘ಕ್ರೀಂ’ ಎಂದಿತು. ಮೊಳದಷ್ಟು ವಾಲಿ, ಆ ಅಷ್ಟು ದೊಡ್ಡ ಕಂಬ ಗಾಳಿಯಲ್ಲಿ ನಿಂತುಬಿಟ್ಟಿತು. ಯೋಚಿಸುತ್ತಿದೆಯೇನೋ ಅನ್ನುವ ಹಾಗೆ. ನಾನು ಸರಪಳಿ ಎಳೆದೆನೋ ಇಲ್ಲವೋ ಇವತ್ತಿಗೂ ತಿಳಿಯದು, ಕೈ ತಾನೇ ಎಳೆಯುತ್ತಿತ್ತು. ಕಂಬ ನಿಧಾನವಾಗಿ ನಮ್ಮ ಕಡೆ ತಿರುಗಿತು. ಆಮೇಲೆ ನಿಧಾನವಿಲ್ಲ. ಕಾಂಪೌಂಡು ದಾಟಿ ಓಣಿಯ ಉದ್ದಕ್ಕೂ ಮಲಗಿತು. ನೆಲದ ಏಟು ನಮ್ಮ ಹಲ್ಲಿನವರೆಗೂ ಬಂತು.

ಧೂಳು ಇಳಿದ ಮೇಲೆ ಹತ್ತಿರ ಹೋದೆವು. ಕಾಂಡ ಸೀಳಿ ಬಾಯಿ ಬಿಟ್ಟಿತ್ತು. ಒಳಗೆ ಮರ ಎನ್ನುವುದೇ ಇರಲಿಲ್ಲ. ಒದ್ದೆ ನಾರಿನ ಪುಡಿ, ನಾರನ್ನೇ ಹೊಸೆದು ಮಾಡಿಕೊಂಡ ಗೂಡುಗಳು, ಗೂಡಿನೊಳಗೆ ಸುರುಳಿಯಾಗಿ ಮಲಗಿದ ಹುಳಗಳು. ಗಟ್ಟಿ ಉಳಿದದ್ದು ಸುತ್ತಲಿನ ಎರಡು ಬೆರಳು ದಪ್ಪದ ಚಿಪ್ಪು. ಅಷ್ಟರ ಮೇಲೆ ಈ ಮರ ನಿಂತಿತ್ತು, ನೀರು ಏರಿಸಿತ್ತು, ಕಾಯಿ ತುಂಬಿಸಿತ್ತು, ಗಾಳಿಗೆ ಆಡಿತ್ತು, ಕೂಸಿನ ಬಟ್ಟೆಗಳನ್ನೂ ಹೊತ್ತಿತ್ತು. ಮಾವ ಆ ಚಿಪ್ಪಿನ ಮೇಲೆ ಅಂಗೈ ಇಟ್ಟು, “ಎಂಥ ಗಟ್ಟಿಗಿತ್ತಿ,” ಎಂದರು. ನನ್ನ ಜಂತೆಯ ಲಾಭವೇನೋ ಹೋಯಿತು. ಇಂಥ ಕಾಂಡವನ್ನು ಮಾರಬಾರದು, ಸೀಳಿ ಸುಡಬೇಕು, ಇಲ್ಲದಿದ್ದರೆ ಪಕ್ಕದ ಮರಗಳಿಗೆ ಹೋಗುತ್ತದೆ. ಅವತ್ತೇ ಸುಟ್ಟೆವು.

ಮರ ಬಿದ್ದಾಗ ನಾಲ್ಕು ಗಂಟೆಯಾಗಿತ್ತು. ಮುಂದಿನ ಕೋಣೆಯಿಂದ ಬಾಣಂತಿಯ ಧ್ವನಿ ಕೇಳಿತು, “ಅಮ್ಮಾ, ಶುರು ಮಾಡಿದ್ರಾ?” ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಆ ಹುಡುಗಿಗೆ ಏನೂ ಕೇಳಿರಲಿಲ್ಲ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಯಜಮಾನಮ್ಮ ನಗಲಿಲ್ಲ. ಅಂಗಳದಲ್ಲಿ ನಿಂತು ಖಾಲಿ ಕೋಣೆಯನ್ನೇ ನೋಡುತ್ತಿದ್ದರು.

“ಏನಪ್ಪ, ಇದೇನಿದು?” ಎಂದರು.

ನೋಡಿದೆ. ಇಷ್ಟು ವರ್ಷ ಆ ಶೀಟಿನ ಮೇಲೆ ಮರದ ನೆರಳು ಇತ್ತು. ಈಗ ಮೋಡ ಸರಿದು, ಇಳಿಬಿಸಿಲು ಅಡ್ಡಿಯಿಲ್ಲದೆ ಶೀಟಿಗೆ ಹೊಡೆಯುತ್ತಿತ್ತು. ಕೋಣೆಯೊಳಗೆ ಕೈ ಚಾಚಿ ಕಾವು ನೋಡಿದ ಆಕೆ, “ಕೂಸಿಗೆ ಬೆವರುಸಾಲೆ ಏಳ್ತೈತೆ. ತೊಟ್ಟಿಲು ಇಲ್ಲೇ ಕಟ್ಟಾದು. ಮರದೋರೆ, ನೆರಳು ಒಯ್ದ್ರಿ, ನೆರಳು ಕೊಟ್ಟು ಹೋಗ್ರಿ,” ಎಂದರು.

ಮಾತು ಒಪ್ಪುವಾಗ ನೆರಳು ಯಾರ ಪಾಲು ಎಂದು ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಮಾವ ಆಗಲೇ ಅಂಗಳದ ಬದಿಗೆ ಹೋಗಿ, ಕತ್ತರಿಸಿ ಹಾಕಿದ್ದ ಗರಿಗಳನ್ನು ಒಂದೊಂದಾಗಿ ಎತ್ತಿ ಕೊಡವಿ ನೋಡುತ್ತಿದ್ದರು. ಹುಳ ಕಾಂಡದಲ್ಲಿತ್ತು, ಗರಿಗಳು ಶುಭ್ರವಾಗಿದ್ದವು, ಹಚ್ಚಹಸಿರು. ಏಣಿ ಹಾಕಿ ಬಚ್ಚಲಿನ ಗೋಡೆಯ ಮೇಲೆ ನಿಂತು, ಶೀಟಿಗೆ ಕಾಲು ತಾಗಿಸದೆ, ಅವರು ಕೈ ಚಾಚಿದರು. ನಾನು ಕೆಳಗಿನಿಂದ ಗರಿ ಎತ್ತಿಕೊಟ್ಟೆ. ಅವರು ಒಂದರ ಮೇಲೊಂದು ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ತುದಿಗಳನ್ನು ಹೆಣೆದು, ಗಾಳಿಗೆ ಹಾರದಂತೆ ಹಗ್ಗ ಎಳೆದು ಕಟ್ಟಿದರು. ಅಷ್ಟು ಹೊತ್ತೂ ನಾನು ಒಂದು ಸಲಹೆಯನ್ನೂ ಕೊಡಲಿಲ್ಲ.

ಕೊನೆಯ ಗರಿ ಕಟ್ಟುವಾಗ ಯಜಮಾನಮ್ಮ ಕೋಣೆಯೊಳಗೆ ಹೋಗಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದಲೇ ಶೀಟಿನ ಕಡೆಗೆ ಮುಖ ಮಾಡಿ, ಮೇಲಿದ್ದ ಮಾವನಿಗೆ ಕೇಳುವಂತೆ ಕೂಗಿದರು.

“ಸಾಕು ಇಳೀರಿ ಯಜಮಾನ್ರೆ. ತಣ್ಣಗಾತು.”